ಆರೆಂಜ್ ಪದದ ಮೂಲ: ನಕಾರ ಎಲ್ಲಿ ಬಿದ್ದುಹೋಯಿತು, ಬೇರು ದ್ರಾವಿಡವೇ?

ಪದಶೋಧಕ
ಇಂಗ್ಲಿಷಿನ ‘ಆರೆಂಜ್’ ಪದದ ಬಗ್ಗೆ ಮೂರು ವಿವರಣೆಗಳು ಎಲ್ಲ ಕಡೆ ಓಡಾಡುತ್ತಿವೆ.

ಮೊದಲನೆಯದು: ಇಂಗ್ಲಿಷಿನಲ್ಲಿ ಹಿಂದೆ ‘ಎ ನಾರೆಂಜ್’ ಎನ್ನುತ್ತಿದ್ದರು, ಕಿವಿಗೆ ಅದು ‘ಆ್ಯನ್ ಆರೆಂಜ್’ ಎಂದು ಕೇಳಿಸಿ ನಕಾರ ಕಳಚಿಕೊಂಡಿತು. ಎರಡನೆಯದು: ಇದು ದ್ರಾವಿಡ ಪದ, ಕಂಪು ಎಂಬ ಅರ್ಥದ ‘ನರು’ವಿನಿಂದ ಬಂದಿದೆ. ಮೂರನೆಯದು: ಸಂಸ್ಕೃತದ ‘ನಾಗರಂಗ’ವೇ ಮೂಲ, ಆನೆ ಈ ಹಣ್ಣನ್ನು ಅತಿಯಾಗಿ ತಿಂದು ಅಜೀರ್ಣವಾಗಿ ಸತ್ತದ್ದರಿಂದ ಆ ಹೆಸರು.

ಮಕ್ಕಳ ಪದಕೋಶಕ್ಕೆ ಒಂದು ನಮೂದು ಬರೆಯಬೇಕಿದೆ. ಇವುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬಹುದು, ಯಾವುದನ್ನು ಬಿಡಬೇಕು? ಬರೀ ತೀರ್ಪು ಬೇಡ, ಆಧಾರ ಸಮೇತ ತಿಳಿಸಿದರೆ ಉಪಕಾರ.

ನಿಘಂಟುಪ್ರಿಯ
ಮೊದಲನೆಯದನ್ನು ಖಂಡಿತ ಬಿಡಿ. ಮೂರನೆಯದನ್ನೂ ಬಿಡಿ. ಎರಡನೆಯದರಲ್ಲಿ ಅರ್ಧ ಇಟ್ಟುಕೊಳ್ಳಬಹುದು, ಅದನ್ನು ಬೇರೆಯವರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಪದ ನಡೆದುಬಂದ ದಾರಿಯಲ್ಲಿ ಈ ಭಾಗದ ಬಗ್ಗೆ ತಕರಾರಿಲ್ಲ: ಸಂಸ್ಕೃತ ನಾರಂಗ, ಪಾರಸಿ ನಾರಂಗ್, ಅರಬ್ಬಿ ನಾರಂಜ್. ಅರಬ್ಬಿಯಿಂದ ಸ್ಪೇನ್ ಮತ್ತು ಇಟಲಿಯ ನುಡಿಗಳಿಗೆ, ಅಲ್ಲಿಂದ ಹಳೆಯ ಫ್ರೆಂಚಿನ ‘ಒರೆಂಜ್’, ಸುಮಾರು 1400ರ ಹೊತ್ತಿಗೆ ಇಂಗ್ಲಿಷ್. ಪಾರಸಿಯ ಗಕಾರ ಅರಬ್ಬಿಯಲ್ಲಿ ಜಕಾರವಾದದ್ದು ಆಕಸ್ಮಿಕವಲ್ಲ. ಅರಬ್ಬಿಯಲ್ಲಿ ಗಕಾರ ಇರಲಿಲ್ಲವಾದ್ದರಿಂದ ಪಾರಸಿ ಪದಗಳನ್ನು ತೆಗೆದುಕೊಳ್ಳುವಾಗ ಜಕಾರ ಹಾಕುವುದು ರೂಢಿ. ಊರ ಹೆಸರಲ್ಲೂ ಹೀಗೇ ಆಗಿದೆ, ಇರಾನಿನ ಗುರ್ಗಾನ್ ಅರಬ್ಬಿಯಲ್ಲಿ ಜುರ್ಜಾನ್. ನಮ್ಮ ‘ನಾರಂಗ’ದ ಗಕಾರ ‘ಆರೆಂಜ್’ನಲ್ಲಿ ಜಕಾರವಾಗಿ ಕೇಳಿಸುವುದಕ್ಕೆ ಕಾರಣ ಈ ಒಂದು ಮೆಟ್ಟಿಲು. ಪದ ಅರಬ್ಬಿಯನ್ನು ಹಾದುಬಂದಿದೆ ಎನ್ನುವುದಕ್ಕೆ ಆ ಜಕಾರವೇ ಸಾಕ್ಷಿ.

ರೋಮಾನ್ಸ್‌ನುಡಿ
ನಕಾರದ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಈ ತಪ್ಪು ಒಳ್ಳೊಳ್ಳೆಯ ಪುಸ್ತಕಗಳಲ್ಲೂ ನುಸುಳಿದೆ.

ಇಂಗ್ಲಿಷಿನಲ್ಲಿ ‘ಎ’ ಮತ್ತು ‘ಆ್ಯನ್’ಗಳ ಗಡಿ ಅಳಿಸಿ ನಕಾರ ಆಚೀಚೆ ಜಿಗಿದ ಪದಗಳು ನಿಜವಾಗಿಯೂ ಇವೆ. ‘ಏಪ್ರನ್’ ಮೊದಲು ‘ನ್ಯಾಪ್ರನ್’ ಆಗಿತ್ತು. ‘ಅಂಪೈರ್’ ಮೊದಲು ‘ನೂಂಪೆರ್’, ಫ್ರೆಂಚಿನಲ್ಲಿ ‘ಸರಿಜೋಡಿ ಅಲ್ಲದವನು’ ಎಂದರೆ ಎರಡೂ ಪಕ್ಷಕ್ಕೆ ಸೇರದ ಮೂರನೆಯವನು. ಹಾವಿಗೆ ಹೇಳುವ ‘ಆ್ಯಡರ್’ ಹಿಂದೆ ‘ನ್ಯಾಡರ್’. ಇದಕ್ಕೆ ತಿರುಗಾಗಿ ‘ನಿಕ್‌ನೇಮ್’ ಪದಕ್ಕೆ ನಕಾರ ಹೊರಗಿನಿಂದ ಬಂದು ಅಂಟಿಕೊಂಡದ್ದು, ಅದು ಮೊದಲು ‘ಈಕ್‌ನೇಮ್’, ಅಂದರೆ ಸೇರಿಸಿದ ಹೆಸರು. ‘ನ್ಯೂಟ್’ ಎಂಬ ಪುಟ್ಟ ಜಲಚರವೂ ಮೊದಲು ‘ಯೂಟ್’.

ಇಂಥ ಹೇಳಿಕೆ ಕಂಡಾಗ ಮೂರು ಕಡೆ ನೋಡಬೇಕು.

ಪದ ಬಂದ ನುಡಿಯಲ್ಲಿ ಅದು ಇಂಗ್ಲಿಷಿಗೆ ದಾಟಿದ ಕಾಲಕ್ಕೆ ನಕಾರ ಇತ್ತೇ? ‘ಏಪ್ರನ್’ಗೆ ಇತ್ತು, ಫ್ರೆಂಚಿನಲ್ಲಿ ‘ನಾಪೆರೊನ್’.

ಇಂಗ್ಲಿಷಿನಲ್ಲೇ ಅಥವಾ ಅದರ ದಾಯಾದಿ ನುಡಿಗಳಲ್ಲಿ ಅದೇ ಬೇರಿನ ಪದ ನಕಾರ ಉಳಿಸಿಕೊಂಡಿದೆಯೇ? ‘ನ್ಯಾಪ್ಕಿನ್’ ಉಳಿಸಿಕೊಂಡಿದೆ. ‘ಆ್ಯಡರ್’ಗೆ ಜರ್ಮನ್ನಿನಲ್ಲಿ ‘ನಾಟರ್’ ಇದೆ.

ಇಂಗ್ಲಿಷ್ ಬರಹಗಳಲ್ಲೇ ನಕಾರ ಇರುವ ರೂಪ ಮೊದಲು, ಇಲ್ಲದ ರೂಪ ಆಮೇಲೆ ಸಿಗುತ್ತದೆಯೇ? ನಕಾರ ಕಳೆದುಕೊಂಡ ಮೇಲಿನ ಪದಗಳಿಗೆಲ್ಲ ಸಿಗುತ್ತದೆ.

‘ಆರೆಂಜ್’ ಮೊದಲ ಪರೀಕ್ಷೆಯಲ್ಲೇ ಬೀಳುತ್ತದೆ. ಇಂಗ್ಲಿಷ್ ಅದನ್ನು ತೆಗೆದುಕೊಂಡದ್ದು ಹಳೆಯ ಫ್ರೆಂಚಿನ ‘ಒರೆಂಜ್’ ರೂಪದಿಂದ, ಅಲ್ಲಿ ಆಗಲೇ ನಕಾರ ಇಲ್ಲ. ಮೂರನೆಯದರಲ್ಲೂ ಬೀಳುತ್ತದೆ, ಇಂಗ್ಲಿಷಿನಲ್ಲಿ ಪದ ಮೊದಲಿನಿಂದಲೂ ಸ್ವರದಿಂದಲೇ ಶುರುವಾಗುತ್ತದೆ. ನಕಾರ ಬಿದ್ದದ್ದು ಇಟಲಿ–ಫ್ರಾನ್ಸ್ ಕಡೆ. ಇಟಾಲಿಯನ್ನಿನಲ್ಲಿ ‘ಒಂದು’ ಎನ್ನಲು ‘ಉನ್’, ‘ಉನಾ’. ಅದರ ಪಕ್ಕ ‘ನರಾಂಚೊ’ ಬಂದರೆ ಎರಡು ನಕಾರ ಮೈಗೆ ಮೈ ತಾಗುತ್ತವೆ, ಒಂದನ್ನು ಕಿವಿ ನುಂಗಿಕೊಳ್ಳುತ್ತದೆ. ಹಾಗೆ ಉಳಿದದ್ದು ಇಂದಿನ ‘ಅರಾಂಚಾ’. ವೆನಿಸ್ ಕಡೆಯ ಮಾತಿನಲ್ಲಿ ಈಗಲೂ ‘ನರಾನ್ಸಾ’ ಇದೆ. ನಡೆದ ಪ್ರಕ್ರಿಯೆ ‘ಏಪ್ರನ್’ನದೇ, ನಡೆದ ಜಾಗ ಬೇರೆ.

ಪದಶೋಧಕ
ಸ್ಪಷ್ಟವಾಯಿತು ಸರ್. ಆದರೆ ‘ಅರಾಂಚಾ’ ಅಕಾರದಿಂದ ಶುರುವಾಗುತ್ತದೆ, ಫ್ರೆಂಚಿನದು ಒಕಾರದಿಂದ. ಈ ಒಕಾರ ಎಲ್ಲಿಂದ ಬಂತು?

ರೋಮಾನ್ಸ್‌ನುಡಿ
ಅದಕ್ಕೆ ಎರಡು ಒತ್ತಡಗಳನ್ನು ವಿದ್ವಾಂಸರು ಹೇಳುತ್ತಾರೆ. ಫ್ರೆಂಚಿನಲ್ಲಿ ‘ಒರ್’ ಎಂದರೆ ಚಿನ್ನ. ಹೊನ್ನಿನ ಬಣ್ಣದ ಹಣ್ಣಿಗೆ ಆ ಸ್ವರ ತಾನಾಗಿ ಒಗ್ಗುತ್ತದೆ. ಲ್ಯಾಟಿನ್ ಬರೆಯುವವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಪದವನ್ನೇ ‘ಔರಂಟಿಯಮ್’ ಎಂದು ತಿದ್ದಿದರು, ‘ಔರಮ್’ ಎಂದರೆ ಚಿನ್ನ. ಸಸ್ಯಶಾಸ್ತ್ರದ ಹೆಸರಿನಲ್ಲಿ ಇವತ್ತಿಗೂ ಅದೇ ಇದೆ: ಸಿಟ್ರಸ್ ಔರಂಟಿಯಮ್. ಇನ್ನೊಂದು ಒತ್ತಡ ದಕ್ಷಿಣ ಫ್ರಾನ್ಸಿನ ‘ಒರಾಂಜ್’ ಎಂಬ ಊರಿನದು.

ಇಲ್ಲಿ ಒಂದು ಎಚ್ಚರಿಕೆ. ಆ ಊರಿನ ಹೆಸರು ಹಣ್ಣಿನಿಂದ ಬಂದದ್ದಲ್ಲ. ರೋಮನ್ನರ ಕಾಲಕ್ಕೆ ಅದು ‘ಅರೌಸಿಯೊ’. ಹಣ್ಣು ಯುರೋಪಿಗೆ ಬರುವುದಕ್ಕೆ ನೂರಾರು ವರ್ಷ ಮುಂಚಿನ, ಅಲ್ಲಿಯ ಕೆಲ್ಟಿಕ್ ಜನರ ನುಡಿಯ ಹೆಸರು ಅದು. ಉಚ್ಚಾರಣೆ ಸವೆದು ಸವೆದು ಎರಡೂ ಒಂದೇ ರೂಪಕ್ಕೆ ಬಂದು ನಿಂತವು.

ನಿಘಂಟುಪ್ರಿಯ
ಅದಕ್ಕೆ ಸೇರಿಸಿ: ಡಚ್ಚರ ಕಿತ್ತಳೆ ಬಣ್ಣದ ನಂಟೂ ಆ ಊರಿನ ಕಡೆಯಿಂದಲೇ. ನಸ್ಸೌ ಮನೆತನದ ವಿಲಿಯಮ್ 1544ರಲ್ಲಿ ಒರಾಂಜ್ ಸಂಸ್ಥಾನಕ್ಕೆ ವಾರಸುದಾರನಾದ, ಮನೆತನದ ಹೆಸರು ಒರಾಂಜ್–ನಸ್ಸೌ ಆಯಿತು. ದಕ್ಷಿಣ ಆಫ್ರಿಕದ ಆರೆಂಜ್ ನದಿ, ಐರ್ಲೆಂಡಿನಲ್ಲಿ 1795ರಲ್ಲಿ ಹುಟ್ಟಿದ ಆರೆಂಜ್ ಸಂಘ, ಇವೆಲ್ಲ ಮನೆತನದ ಹೆಸರು ಹೊತ್ತವು. ವಿಲಿಯಮ್‌ನ ಗೌರವಾರ್ಥವಾಗಿ ಡಚ್ಚರು ಗಜ್ಜರಿಯನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸಿದರು ಎಂಬ ಮಾತನ್ನು ನಮೂದಿಗೆ ಸೇರಿಸಬೇಡಿ, ಅದಕ್ಕೆ ಆ ಕಾಲದ ದಾಖಲೆಯ ಬೆಂಬಲ ಇಲ್ಲ.

ಓದುಗ_27
ಒರಾಂಗುಟಾನ್ ಕೂಡ ಇದೇ ಬಣ್ಣದಿಂದ ಬಂದ ಹೆಸರೇ?

ನಿಘಂಟುಪ್ರಿಯ
ಅಲ್ಲ. ಅದು ಮಲಯ ಭಾಷೆಯ ‘ಒರಾಂಗ್ ಹುತಾನ್’, ಕಾಡಿನ ಮನುಷ್ಯ. ಕೂದಲ ಬಣ್ಣ ಹೊಂದಿಕೊಂಡದ್ದು ಕಾಕತಾಳೀಯ.

ಶಕಟರೇಫ
ಈಗ ಎರಡನೆಯ ವಿವರಣೆ. ಇದರಲ್ಲಿ ಎರಡು ಬೇರೆ ಬೇರೆ ವಾದಗಳು ಒಂದಾಗಿ ಕಲೆತುಹೋಗಿವೆ, ಬಿಡಿಸಿಕೊಳ್ಳದಿದ್ದರೆ ಸರಿಯಾದದ್ದೂ ಕೆಡುತ್ತದೆ.

ಒಂದು: ಸಂಸ್ಕೃತದ ‘ನಾರಂಗ’ ದ್ರಾವಿಡದಿಂದ ಪಡೆದದ್ದು. ಇದು ಬಹಳ ಮಟ್ಟಿಗೆ ಒಪ್ಪಬಹುದಾದ ವಾದ.

ಎರಡು: ಆ ದ್ರಾವಿಡ ಪದದ ಬೇರು ಕಂಪು ಎಂಬ ಅರ್ಥದ ‘ನರು’. ಇದರಲ್ಲಿ ತೊಡಕಿದೆ.

ತೊಡಕು ಎಲ್ಲಿ ಅಂದರೆ, ರಕಾರದಲ್ಲಿ. ಹೊಸಗನ್ನಡದಲ್ಲಿ ನಮಗಿರುವುದು ಒಂದೇ ರಕಾರ. ಹಳಗನ್ನಡದಲ್ಲಿ ಎರಡಿದ್ದವು: ಸಾಮಾನ್ಯ ರ, ಮತ್ತು ಶಕಟರೇಫವಾದ ಱ. ಕೇಶಿರಾಜ 13ನೇ ಶತಮಾನದಲ್ಲಿ ವ್ಯಾಕರಣ ಬರೆಯುವಾಗ ಯಾವ ಪದಕ್ಕೆ ಶಕಟರೇಫ ಬರಬೇಕು ಎಂಬುದನ್ನು ಬೇರೆಯಾಗಿಯೇ ಹೇಳಬೇಕಾಯಿತು. ಕಂಪಿನ ಪದ ‘ನಱು’, ‘ನಱುಗಂಪು’ ಎನ್ನುವಾಗ ಇರುವುದು ಅದೇ. ಅದರ ಕ್ರಿಯಾಪದ ‘ನಾಱು’. ಹಿಂದೆ ಅದಕ್ಕೆ ವಾಸನೆ ಬೀರು ಎಂಬುದಷ್ಟೇ ಅರ್ಥ, ಈಗ ಕೆಟ್ಟ ವಾಸನೆಗೆ ಮಾತ್ರ ಉಳಿದಿದೆ. ತಮಿಳು ಇವತ್ತಿಗೂ ಈ ಎರಡು ರಕಾರಗಳನ್ನು ಬೇರೆ ಬೇರೆ ಅಕ್ಷರದಲ್ಲಿ ಬರೆಯುತ್ತದೆ. ಅಲ್ಲಿ ‘ನಱು’, ‘ನಾಱು’ ಎರಡಕ್ಕೂ ಱ. ಆದರೆ ಹುಳಿಹಣ್ಣಿನ ಹೆಸರುಗಳಾದ ‘ನಾರತ್ತೈ’, ‘ನಾರಂಗಮ್’ ಇವಕ್ಕೆ ಸಾಮಾನ್ಯ ರ.

ರ ಮತ್ತು ಱ ಮೂಲದ್ರಾವಿಡದಲ್ಲೇ ಬೇರೆ ಬೇರೆ ಧ್ವನಿಗಳು. ಒಂದೇ ಬೇರಿನ ಎರಡು ಪದಗಳಲ್ಲಿ ಒಂದಕ್ಕೆ ರ, ಇನ್ನೊಂದಕ್ಕೆ ಱ ಬರಬೇಕಾದರೆ ಕಾರಣ ಕೊಡಬೇಕು. ‘ಕಂಪಿನ ಹಣ್ಣು’ ಎಂಬ ವಿವರಣೆ ಕೇಳಲು ಬಲು ಚೆಂದ, ಆ ಕಾರಣವನ್ನು ಮಾತ್ರ ಅದು ಕೊಡುವುದಿಲ್ಲ. ಹೊಸಗನ್ನಡದ ಕಾಗುಣಿತದಲ್ಲಿ ‘ನರು’, ‘ನಾರಂಗ’ ಎಂದು ಅಕ್ಕಪಕ್ಕ ಬರೆದಾಗ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ಕನ್ನಡದಲ್ಲಿ ಈ ವಿವರಣೆ ಇಷ್ಟು ಸಲೀಸಾಗಿ ಹಬ್ಬಲು ಅದೂ ಒಂದು ಕಾರಣ.

ಮಲೆಯಾಳನುಡಿ
ಮೊದಲನೆಯ ವಾದಕ್ಕೆ ಬಲ ಬರುವುದು ಮಲಯಾಳದಿಂದ. ಅಲ್ಲಿ ಮರ ‘ನಾರಕಂ’, ಹಣ್ಣು ‘ನಾರಙ್ಙ’. ಈ ‘ಙ್ಙ’ವನ್ನು ಗಮನಿಸಿ. ಮಲಯಾಳದಲ್ಲಿ ‘ಙ್ಕ’ ಎಂಬ ಒತ್ತಕ್ಷರ ‘ಙ್ಙ’ ಆಗುವುದು ನಿಯಮ. ಮಾ ಎಂಬ ಮರದ ಕಾಯಿ ‘ಮಾಙ್ಕಾಯ್’, ಅದು ‘ಮಾಙ್ಙ’. ತೆಂಗಿನ ಕಾಯಿ ‘ತೇಙ್ಕಾಯ್’, ಅದು ‘ತೇಙ್ಙ’. ಅದೇ ಅಚ್ಚಿನಲ್ಲಿ ‘ನಾರ’ದ ಕಾಯಿ ‘ನಾರಙ್ಕಾಯ್’, ಅದು ‘ನಾರಙ್ಙ’.

ಅಂದರೆ ‘ನಾರಂಗ’ದ ಕೊನೆಯ ‘ಂಗ’ ಬೇರಿನ ಭಾಗವಲ್ಲದೆ ‘ಕಾಯಿ’ಯ ಸವೆದ ರೂಪವೇ ಇರಬಹುದು. ಇಂಗ್ಲಿಷಿನ ‘ಮ್ಯಾಂಗೊ’ ಕೂಡ ಇದೇ ಸಾಲಿನದು: ಮಾಙ್ಙ ಅಥವಾ ಮಾಙ್ಕಾಯ್, ಪೋರ್ಚುಗೀಸರ ಬಾಯಲ್ಲಿ ‘ಮಂಗ’, ಆಮೇಲೆ ಇಂಗ್ಲಿಷ್. ಅಲ್ಲಿಯೂ ‘ಗ’ ಎನ್ನುವುದು ಕಾಯಿಯ ಅವಶೇಷ. ವ್ಯತ್ಯಾಸ ಇಷ್ಟೆ: ‘ಮ್ಯಾಂಗೊ’ 16ನೇ ಶತಮಾನದಲ್ಲಿ ಹಡಗು ಹತ್ತಿ ನೇರವಾಗಿ ಹೋಯಿತು, ಹೆಜ್ಜೆ ಹೆಜ್ಜೆಗೂ ದಾಖಲೆ ಇದೆ. ‘ನಾರಂಗ’ ಸಂಸ್ಕೃತಕ್ಕೆ ಸೇರಿದ್ದು ಅದಕ್ಕಿಂತ ಸಾವಿರ ವರ್ಷಕ್ಕೂ ಹಿಂದೆ, ಆ ದಾಟುವಿಕೆಗೆ ಪದಗಳ ರೂಪ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

ರೋಮಾನ್ಸ್‌ನುಡಿ
ಒಂದು ಆಕ್ಷೇಪ. ಸಂಸ್ಕೃತದಿಂದಲೇ ಮಲಯಾಳಕ್ಕೆ ‘ನಾರಂಗ’ ಬಂದು, ಅಲ್ಲಿಯ ಜನ ಅದನ್ನು ‘ಮಾಙ್ಙ’ದ ಅಚ್ಚಿಗೆ ಹೊಂದಿಸಿಕೊಂಡು, ಆಮೇಲೆ ‘ಙ್ಙ’ ತೆಗೆದು ಮರಕ್ಕೆ ‘ನಾರಕಂ’ ಎಂಬ ಹೆಸರು ಕಟ್ಟಿರಬಾರದೇಕೆ? ಎರವಲು ಪದಗಳಿಗೆ ಇಂಥದ್ದು ಆಗುತ್ತಲೇ ಇರುತ್ತದೆ.

ಮಲೆಯಾಳನುಡಿ
ಮಲಯಾಳ ಒಂದನ್ನೇ ನೋಡಿದರೆ ನಿಮ್ಮ ಆಕ್ಷೇಪ ನಿಲ್ಲುತ್ತದೆ. ಆದರೆ ತಮಿಳಿನ ‘ನಾರತ್ತೈ’ ಇದೆಯಲ್ಲ, ಅದರ ಬಾಲ ಬೇರೆ. ‘ನಾರಂಗ’ದಿಂದ ‘ನಾರತ್ತೈ’ ಹೊರಡಲು ಯಾವ ಧ್ವನಿನಿಯಮವೂ ಇಲ್ಲ. ‘ನಾರ’ ಎಂಬ ಬುಡ ಸ್ವತಂತ್ರವಾಗಿ ಇದ್ದು, ಒಂದು ಕಡೆ ಕಾಯಿ, ಇನ್ನೊಂದು ಕಡೆ ಬೇರೆ ಪ್ರತ್ಯಯ ಸೇರಿತು ಎಂದರೆ ಎರಡೂ ಸಲೀಸಾಗಿ ಕೂಡುತ್ತವೆ.

ಶಕಟರೇಫ
ಇಬ್ಬರ ಮಾತೂ ತೂಕದ್ದೇ. ಹಾಗಾಗಿಯೇ ಒಳ್ಳೆಯ ನಿಘಂಟುಗಳು ಸಂಸ್ಕೃತದವರೆಗೆ ಖಚಿತವಾಗಿ ಬರೆದು, ಅದರಾಚೆಗೆ ‘ಪ್ರಾಯಶಃ ದ್ರಾವಿಡ’ ಎನ್ನುತ್ತವೆ. ಆ ‘ಪ್ರಾಯಶಃ’ ಅಲ್ಲಿರುವುದು ಅಳೆದು ನೋಡಿಯೇ. ನಮ್ಮ ಭಾಷೆಗಳ ಮೇಲಿನ ಅಭಿಮಾನಕ್ಕೆ ಅದನ್ನು ಕಿತ್ತುಹಾಕಬಾರದು, ಹಾಗೆಯೇ ಸಂಶಯವಿದೆ ಎಂದು ಇಡೀ ವಾದವನ್ನೇ ಬದಿಗೆ ಸರಿಸಲೂಬಾರದು.

ಗಿಡಮೂಲ
ಸಸ್ಯದ ಕಡೆಯಿಂದ ಒಂದು ಮಾತು, ಏಕೆಂದರೆ ಹಣ್ಣು ಬೆಳೆದ ಜಾಗಕ್ಕೂ ಪದ ಹುಟ್ಟಿದ ಜಾಗಕ್ಕೂ ಸಂಬಂಧ ಇರುತ್ತದೆ. ಸಿಟ್ರಸ್ ಕುಲದ ತವರು ಹಿಮಾಲಯದ ಆಗ್ನೇಯ ತಪ್ಪಲು, ಅಂದರೆ ಅಸ್ಸಾಮಿನ ಪೂರ್ವಭಾಗ, ಉತ್ತರ ಮ್ಯಾನ್ಮಾರ್, ಚೀನಾದ ಯುನ್ನಾನಿನ ಪಶ್ಚಿಮ. 2018ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನ ಇದನ್ನು ಗಟ್ಟಿಮಾಡಿತು. ಅದು ದ್ರಾವಿಡ ನುಡಿಗಳ ನೆಲವಲ್ಲ. ಆಗ್ನೇಯ ಏಷ್ಯಾದ ಆಸ್ಟ್ರೊ-ಏಷಿಯಾಟಿಕ್ ಎಂಬ ಕುಟುಂಬದ ನುಡಿಗಳಲ್ಲಿ ಮೂಲ ಹುಡುಕುವವರು ಇರುವುದು ಈ ಕಾರಣಕ್ಕೆ.

ಇನ್ನೊಂದು ಮುಖ್ಯ ಸಂಗತಿ: ಇಂದು ನಾವು ತಿನ್ನುವ ಸಿಹಿ ಕಿತ್ತಳೆ ಕಾಡಿನಲ್ಲಿ ತಾನಾಗಿ ಇದ್ದ ಜಾತಿಯಲ್ಲ. ಅದು ಚಕ್ಕೋತ ಮತ್ತು ಮ್ಯಾಂಡರಿನ್ ಕೂಡಿ ಆದ ಮಿಶ್ರತಳಿ. ಕಹಿ-ಹುಳಿ ಕಿತ್ತಳೆಯೂ ಅವೆರಡರ ಸಂತಾನವೇ, ಆದರೆ ಬೇರೆ ಕೂಡಿಕೆಯಿಂದ ಬಂದದ್ದು. ಅರಬರು ಪಶ್ಚಿಮಕ್ಕೆ ಒಯ್ದದ್ದು ಈ ಕಹಿ-ಹುಳಿ ಹಣ್ಣನ್ನು. ಆದ್ದರಿಂದ ಮಧ್ಯಯುಗದ ಯುರೋಪಿನ ಬರಹದಲ್ಲಿ ‘ಆರೆಂಜ್’ ಕಂಡರೆ ಸುಲಿದು ತಿನ್ನುವ ಹಣ್ಣನ್ನು ಕಲ್ಪಿಸಿಕೊಳ್ಳಬೇಡಿ. ಅಡುಗೆಗೆ ಹಿಂಡುವ, ಸಿಪ್ಪೆಯ ಪರಿಮಳಕ್ಕೆ ಬಳಸುವ, ಔಷಧಿಗೆ ಬೇಕಾಗುವ ಹಣ್ಣು ಅದು.

ಪದಶೋಧಕ
ಅರಬರು ಒಯ್ದದ್ದು ಯಾವಾಗ ಎಂಬುದಕ್ಕೆ ಗಟ್ಟಿ ಆಧಾರ ಇದೆಯೇ ಮೇಡಂ?

ಗಿಡಮೂಲ
ಇದೆ. 10ನೇ ಶತಮಾನದ ಇತಿಹಾಸಕಾರ ಅಲ್-ಮಸೂದಿ, ಹಿಜರಿ 300ರ ನಂತರ, ಅಂದರೆ ಕ್ರಿ.ಶ. 912ರ ಆಚೆ, ನಾರಂಜ್ ಗಿಡವನ್ನು ಭಾರತದಿಂದ ತಂದು ಮೊದಲು ಒಮಾನಿನಲ್ಲಿ ನೆಟ್ಟರು, ಅಲ್ಲಿಂದ ಬಸ್ರಾ, ಇರಾಕ್, ಸಿರಿಯಾಗಳಿಗೆ ಹಬ್ಬಿತು ಎಂದು ಬರೆದಿದ್ದಾನೆ. ಹೊಸ ನೆಲದಲ್ಲಿ ಹಣ್ಣಿಗೆ ಭಾರತದಲ್ಲಿದ್ದ ಕಂಪು, ಬಣ್ಣ ಉಳಿಯಲಿಲ್ಲ ಎಂದೂ ಹೇಳುತ್ತಾನೆ. ಮುಂದೆ ಅರಬ್ ಆಳ್ವಿಕೆಯ ಸಿಸಿಲಿ, ಸ್ಪೇನ್.

ಸಿಹಿ ಕಿತ್ತಳೆ ಯುರೋಪಿನಲ್ಲಿ ಹರಡಿದ್ದು ಅದಕ್ಕಿಂತ ಐನೂರು ವರ್ಷ ತಡವಾಗಿ, 16ನೇ ಶತಮಾನದಲ್ಲಿ, ಮುಖ್ಯವಾಗಿ ಪೋರ್ಚುಗೀಸರ ವ್ಯಾಪಾರದಿಂದ.

ರೋಮಾನ್ಸ್‌ನುಡಿ
ಗಿಡಮೂಲ ಅವರು ಹೇಳಿದ ಈ ಎರಡು ಅಲೆಗಳು ಭಾಷೆಗಳಲ್ಲಿ ಎಷ್ಟು ಸ್ಪಷ್ಟವಾಗಿ ಅಚ್ಚಾಗಿವೆ ನೋಡಿ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು.

ಮೊದಲ ಅಲೆಯ ಹೆಸರು ಸಿಹಿ ಹಣ್ಣಿಗೂ ಮುಂದುವರಿದ ನುಡಿಗಳು: ಸ್ಪ್ಯಾನಿಷ್ ‘ನರಾಂಹ’, ಪೋರ್ಚುಗೀಸ್ ‘ಲರಾಂಜ’ (ಎರಡು ನಕಾರ ಹತ್ತಿರವಿದ್ದದ್ದರಿಂದ ಮೊದಲನೆಯದು ಲಕಾರವಾಯಿತು), ಹಂಗೇರಿಯನ್ ‘ನರಾಂಚ್’, ಇಟಾಲಿಯನ್, ಫ್ರೆಂಚ್, ಇಂಗ್ಲಿಷ್.

ಎರಡನೆಯ ಅಲೆಯಲ್ಲಿ ಹೊಸ ಹಣ್ಣಿಗೆ ಹೊಸ ಹೆಸರೇ ಬಂದ ನುಡಿಗಳು: ಗ್ರೀಕ್ ‘ಪೋರ್ತೊಕಾಲಿ’, ತುರ್ಕಿ ‘ಪೋರ್ತಕಾಲ್’, ಅರಬ್ಬಿ ‘ಬುರ್ತುಕಾಲ್’, ರೊಮೇನಿಯನ್ ‘ಪೋರ್ತೊಕಾಲ’. ತಂದವರ ದೇಶವೇ ಹಣ್ಣಿನ ಹೆಸರು. ಇಲ್ಲಿ ಹಳೆಯ ಹೆಸರು ಸತ್ತಿಲ್ಲ, ಕಹಿ ಹಣ್ಣಿಗೆ ಉಳಿದುಕೊಂಡಿದೆ. ಗ್ರೀಕಿನಲ್ಲಿ ‘ನೆರಾಂಜಿ’ ಎಂದರೆ ಕಹಿ ಕಿತ್ತಳೆ. ಪಾರಸಿಯಲ್ಲಂತೂ ಮೂರೂ ಬಿಡಿಬಿಡಿ: ‘ನಾರೆಂಜ್’ ಕಹಿಯದು, ‘ಪೋರ್ತೆಘಾಲ್’ ಸಿಹಿಯದು, ‘ನಾರೆಂಗಿ’ ಮ್ಯಾಂಡರಿನ್.

ಉತ್ತರ ಯುರೋಪು ಮೂರನೆಯ ದಾರಿ ಹಿಡಿಯಿತು, ‘ಚೀನಾದ ಸೇಬು’. ಡಚ್ ‘ಸಿನಾಸಾಪೆಲ್’, ಜರ್ಮನ್ ‘ಆಪ್ಫೆಲ್ಸೀನೆ’, ಹಾಗೆಯೇ ರಷ್ಯನ್ ‘ಅಪೆಲ್ಸಿನ್’.

ಇಲ್ಲಿ ಎಡವುವ ಜಾಗ ಒಂದಿದೆ. ಕಟಲಾನ್ ಭಾಷೆಯಲ್ಲಿ ಕಿತ್ತಳೆಗೆ ‘ತರೋಂಜ’. ಕೇಳಿದರೆ ‘ನರಾಂಜ’ದ ತಮ್ಮನಂತಿದೆ. ಆದರೆ ಅದು ಮಾದಲ ಹಣ್ಣಿಗೆ ಅರಬ್ಬಿಯಲ್ಲಿದ್ದ ‘ತುರುಂಜ್’ನಿಂದ ಬಂದ ಬೇರೆ ಪದ. ಪ್ರಾಸ ಕೂಡಿದ ಮಾತ್ರಕ್ಕೆ ವಂಶ ಒಂದೇ ಎಂದು ಬರೆದರೆ ಪಟ್ಟಿ ಹಾಳಾಗುತ್ತದೆ. ನಕ್ಷೆ ಮಾಡುವವರು ಕಟಲಾನನ್ನು ಬೇರೆ ಬಣ್ಣದಲ್ಲೇ ತೋರಿಸಬೇಕು.

ಓದುಗ_27
‘ನಾಗರಂಗ’ ಚರಕಸಂಹಿತೆಯಲ್ಲೇ ಇದೆ ಎಂದು ಓದಿದ ನೆನಪು. ಹಾಗಿದ್ದಮೇಲೆ ಅದನ್ನು ಬಿಡಿ ಎನ್ನುವುದು ಹೇಗೆ?

ಶಕಟರೇಫ
ಪದ ಇದೆ, ಅದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಅನ್ನಪಾನದ ಅಧ್ಯಾಯದಲ್ಲಿ ನಾಗರಂಗ ಫಲವನ್ನು ಸಿಹಿ, ಸ್ವಲ್ಪ ಹುಳಿ, ಊಟಕ್ಕೆ ರುಚಿ ತರುವಂಥದ್ದು, ಜೀರ್ಣವಾಗಲು ಭಾರ ಎಂದು ಹೇಳಿದೆ. ಬಿಡಬೇಕಾದದ್ದು ಆನೆಯ ಕತೆಯನ್ನು. ‘ನಾಗ’ಕ್ಕೆ ಆನೆ ಎಂಬ ಅರ್ಥ ಉಂಟು, ಹಾವು ಎಂಬುದೂ ಉಂಟು. ‘ರಂಗ’ ಎಂದರೆ ಬಣ್ಣ, ಆಡುವ ಜಾಗ. ಅಜೀರ್ಣ ಎಂಬ ಅರ್ಥ ಅದಕ್ಕೆ ಯಾವ ಕೋಶದಲ್ಲೂ ಇಲ್ಲ. ಪದವನ್ನು ಒಡೆದು ನೋಡಿದರೆ ಕತೆಗೆ ಕಾಲೇ ಇಲ್ಲ.

‘ನಾಗರಂಗ’ ಮೊದಲೋ ‘ನಾರಂಗ’ ಮೊದಲೋ ಎಂಬ ಪ್ರಶ್ನೆ ಮಾತ್ರ ಗಂಭೀರವಾದದ್ದು. ಪ್ರಾಕೃತಗಳಲ್ಲಿ ಎರಡು ಸ್ವರಗಳ ನಡುವಿನ ಗಕಾರ ಬಿದ್ದುಹೋಗುವುದು ಸಾಮಾನ್ಯ, ಹಾಗಾಗಿ ನಾಗರಂಗದಿಂದ ನಾರಂಗ ಆಗುವುದು ಧ್ವನಿಯ ಮಟ್ಟಿಗೆ ಸಾಧ್ಯ. ಆದರೆ ಹಾಗಾಗಿದ್ದರೆ ‘ನಾರ’ ಎಂಬ ಬುಡವೇ ಹುಸಿಯಾಗುತ್ತದೆ, ನಾರಕಂ, ನಾರತ್ತೈಗಳು ಅನಾಥವಾಗುತ್ತವೆ. ಹೊರಗಿನಿಂದ ಬಂದ ‘ನಾರಂಗ’ಕ್ಕೆ ಅರ್ಥ ಹಚ್ಚಲು ಪಂಡಿತರು ‘ನಾಗ’ ಸೇರಿಸಿದರು ಎಂದರೆ ಎಲ್ಲ ರೂಪಗಳೂ ಒಂದೇ ವಿವರಣೆಯಲ್ಲಿ ನಿಲ್ಲುತ್ತವೆ. ಲ್ಯಾಟಿನ್‌ನವರು ಚಿನ್ನ ಸೇರಿಸಿ ‘ಔರಂಟಿಯಮ್’ ಮಾಡಿದ್ದೂ ಇದೇ ಕೆಲಸವಲ್ಲವೆ.

ಪದಶೋಧಕ
ಹಾಗಾದರೆ ಕನ್ನಡದ ‘ಕಿತ್ತಳೆ’ಗೂ ಇದಕ್ಕೂ ನಂಟಿಲ್ಲ ಎಂದಾಯಿತು.

ಶಕಟರೇಫ
ಇಲ್ಲ. ಕನ್ನಡದಲ್ಲಿ ‘ಈಳೆ’ ಎಂಬುದು ಹುಳಿಹಣ್ಣಿನ ಜಾತಿಗೆ ಹಳೆಯ ಹೆಸರು. ಹಿರಿದಾದ ಈಳೆ ‘ಹೇರಿಳೆ’, ಕಿರಿದಾದ ಈಳೆ ‘ಕಿತ್ತೀಳೆ’, ಬಾಯಲ್ಲಿ ಸವೆದು ‘ಕಿತ್ತಳೆ’. ಸ್ವರದ ಮುಂದೆ ‘ಕಿರಿದು’ ಎಂಬುದು ‘ಕಿತ್ತ್’ ಆಗುವುದು ‘ಕಿತ್ತಡಿ’ಯಲ್ಲೂ ಕಾಣುತ್ತದೆ. ನಾರಂಗಿ, ತೆಲುಗಿನ ನಾರಿಂಜ ಇವು ಬೇರೆ ಸಾಲಿನವು.

ಬಣ್ಣಬರಹ
ಬಣ್ಣದ ಅರ್ಥದ ಬಗ್ಗೆ ಯಾರೂ ಬರೆದಿಲ್ಲ, ನಮೂದಿನಲ್ಲಿ ಅದು ಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಹಣ್ಣು ಮೊದಲು, ಬಣ್ಣ ಆಮೇಲೆ, ನಡುವೆ ನೂರು ವರ್ಷದ ಅಂತರ. ಬಣ್ಣವಾಗಿ ಪದ ಕಾಣುವುದು 1502ರ ಅರಮನೆಯ ಲೆಕ್ಕದಲ್ಲಿ, ರಾಜಕುಮಾರಿ ಮಾರ್ಗರೆಟ್ ಟ್ಯೂಡರ್‌ಗೆ ಕೊಂಡ ರೇಷ್ಮೆ ತೋಳುಗಳ ಬಣ್ಣ ಹೇಳುವಾಗ. ಆಗಲೂ ‘ಆರೆಂಜ್ ಬಣ್ಣದ’ ಎಂದೇ ಬರೆದಿದ್ದಾರೆ, ಬರೀ ‘ಆರೆಂಜ್’ ಎಂದಲ್ಲ. ಹೊಸ ಬಣ್ಣದ ಹೆಸರು ವಸ್ತುವಿನಿಂದ ಬಿಡಿಸಿಕೊಳ್ಳುವ ಮೊದಲ ಹಂತ ಯಾವಾಗಲೂ ಹೀಗೇ ಇರುತ್ತದೆ. 1704ರಲ್ಲಿ ನ್ಯೂಟನ್ ಬೆಳಕಿನ ಏಳು ಬಣ್ಣಗಳನ್ನು ಪಟ್ಟಿ ಮಾಡುವಾಗ ಅದು ಕೆಂಪು ಹಳದಿಗಳ ನಡುವೆ ತನ್ನದೇ ಜಾಗ ಪಡೆದಿತ್ತು.

ಅದಕ್ಕೂ ಮುಂಚೆ ಇಂಗ್ಲಿಷರು ಏನು ಮಾಡುತ್ತಿದ್ದರು? ಹಳೆಯ ಇಂಗ್ಲಿಷಿನಲ್ಲಿ ‘ಹಳದಿಗೆಂಪು’ ಎಂಬ ಜೋಡುಪದ ಇತ್ತು. 14ನೇ ಶತಮಾನದ ಕೊನೆಗೆ ಇಂಗ್ಲಿಷ್ ಕವಿ ಚಾಸರ್ ನರಿಯ ಬಣ್ಣವನ್ನು ಹಳದಿಗೂ ಕೆಂಪಿಗೂ ನಡುವಣದು ಎಂದು ವರ್ಣಿಸುತ್ತಾನೆ. ಉಳಿದಂತೆ ಎಲ್ಲವೂ ಕೆಂಪಿನ ಲೆಕ್ಕಕ್ಕೆ ಹೋಗುತ್ತಿತ್ತು. ಎದೆ ಸ್ಪಷ್ಟವಾಗಿ ಕಿತ್ತಳೆಯಾಗಿರುವ ರಾಬಿನ್ ಹಕ್ಕಿಗೆ ‘ರೆಡ್‌ಬ್ರೆಸ್ಟ್’, ಆ ಬಣ್ಣದ ಕೂದಲಿಗೆ ‘ರೆಡ್ ಹೇರ್’. ಈ ಹೆಸರುಗಳು ಹುಟ್ಟಿದ ಕಾಲಕ್ಕೆ ಬೇರೆ ಪದ ಇರಲಿಲ್ಲ, ಪದ ಬಂದ ಮೇಲೂ ಹಳೆಯವು ಬದಲಾಗಲಿಲ್ಲ.

ಇದರಿಂದ ‘ಅವರಿಗೆ ಆ ಬಣ್ಣ ಕಾಣುತ್ತಿರಲಿಲ್ಲ’ ಎಂದು ಯಾರೂ ಬರೆಯಬಾರದು. ಚಾಸರನ ಸಾಲೇ ಅದಕ್ಕೆ ಉತ್ತರ: ಕಂಡದ್ದಕ್ಕೇ ಎರಡು ಪದ ಸೇರಿಸಿ ಹೇಳಿದ್ದಾನೆ.

ಓದುಗ_27
1290ರಲ್ಲಿ ಇಂಗ್ಲೆಂಡಿನ ರಾಣಿ ಎಲೀನರ್ ಪೋರ್ಟ್ಸ್‌ಮತ್‌ಗೆ ಬಂದ ಸ್ಪ್ಯಾನಿಷ್ ಹಡಗಿನಿಂದ 7 ಆರೆಂಜ್ ಕೊಂಡ ಲೆಕ್ಕ ಇದೆಯಲ್ಲ, ಮತ್ತೆ 1400 ಎಂದು ಏಕೆ ಹೇಳುತ್ತೀರಿ?

ನಿಘಂಟುಪ್ರಿಯ
ಒಳ್ಳೆಯ ಪ್ರಶ್ನೆ. ಲೆಕ್ಕ ಇರುವುದು ಇಂಗ್ಲೆಂಡಿನದು, ಇಂಗ್ಲಿಷಿನದಲ್ಲ. ಆ ಕಾಲದ ಅರಮನೆಯ ಲೆಕ್ಕಪತ್ರಗಳ ಭಾಷೆ ಲ್ಯಾಟಿನ್, ಅಲ್ಲಿರುವುದು ‘ಪೋಮಾ ದೆ ಒರೆಂಜೆ’, ಅಂದರೆ ಒರೆಂಜಿನ ಹಣ್ಣು. ಹಣ್ಣು ಇಂಗ್ಲೆಂಡಿಗೆ ಯಾವಾಗ ಬಂತು ಎಂಬುದಕ್ಕೆ 1290 ಹೇಳಬಹುದು. ಪದ ಇಂಗ್ಲಿಷಿಗೆ ಯಾವಾಗ ಬಂತು ಎಂಬುದಕ್ಕೆ ಇಂಗ್ಲಿಷ್ ವಾಕ್ಯದೊಳಗೆ ಅದು ಬಂದಿರಬೇಕು, ಅದು ಸಿಗುವುದು 1400ರ ಆಸುಪಾಸು. ಆ 1290ರ ರೂಪದಲ್ಲೂ ನಕಾರ ಇಲ್ಲ ಎಂಬುದನ್ನು ಗಮನಿಸಿ, ರೋಮಾನ್ಸ್‌ನುಡಿ ಅವರ ವಾದಕ್ಕೆ ಅದು ಇನ್ನೊಂದು ಆಸರೆ.

ನಿಘಂಟಿನಲ್ಲಿ ವರ್ಷ ನೋಡುವಾಗಲೂ ಇದೇ ಎಚ್ಚರ ಬೇಕು. ಅಲ್ಲಿ ಕೊಟ್ಟ ವರ್ಷ ಪದ ಹುಟ್ಟಿದ ವರ್ಷವಲ್ಲ, ನಮಗೆ ಉಳಿದು ಬಂದ ಮೊದಲ ಬರಹದ ವರ್ಷ. ಅದಕ್ಕಿಂತ ಹಳೆಯ ಹಾಳೆ ಸಿಕ್ಕರೆ ಹಿಂದಕ್ಕೆ ಹೋಗುತ್ತದೆ, ಮುಂದಕ್ಕೆ ಬರುವುದಿಲ್ಲ.

ಪದಶೋಧಕ
ಎಲ್ಲರ ಮಾತಿನ ಮೇಲೆ ನಮೂದನ್ನು ಹೀಗೆ ಬರೆದಿದ್ದೇನೆ, ದಯವಿಟ್ಟು ನೋಡಿ.

‘ಆರೆಂಜ್: 1. ಕಿತ್ತಳೆ ಹಣ್ಣು. 2. ಆ ಹಣ್ಣಿನ ಬಣ್ಣ. ಹಳೆಯ ಫ್ರೆಂಚ್ ಒರೆಂಜ್ ಎಂಬುದರಿಂದ, ಸು. 1400. ಅದು ಇಟಾಲಿಯನ್ ಅರಾಂಚಾ, ಅದು ಅರಬ್ಬಿ ನಾರಂಜ್, ಪಾರಸಿ ನಾರಂಗ್, ಸಂಸ್ಕೃತ ನಾರಂಗ, ಪ್ರಾಯಶಃ ದ್ರಾವಿಡದಿಂದ. ಮೊದಲ ನಕಾರ ಇಂಗ್ಲಿಷಿಗೆ ಬರುವ ಮುಂಚೆಯೇ ಲೋಪವಾಗಿದೆ. ಬಣ್ಣದ ಅರ್ಥ 1502ರಿಂದ.’

ರೋಮಾನ್ಸ್‌ನುಡಿ
ಬಹುತೇಕ ಸರಿಯಿದೆ. ಒಂದು ತಿದ್ದುಪಡಿ: ‘ಇಟಾಲಿಯನ್ ಅರಾಂಚಾ’ದಿಂದ ಫ್ರೆಂಚಿಗೆ ನೇರ ಗೆರೆ ಎಳೆಯಬೇಡಿ. ದಕ್ಷಿಣ ಫ್ರಾನ್ಸಿನ ಪ್ರೊವೆನ್ಸಾಲ್ ನುಡಿಯಲ್ಲಿ ‘ಔರಂಜ’ ಇದೆ, ದಾರಿ ಅದರ ಮೂಲಕವೂ ಇರಬಹುದು. ‘ಇಟಲಿ ಹಾಗೂ ದಕ್ಷಿಣ ಫ್ರಾನ್ಸಿನ ನುಡಿಗಳ ಮೂಲಕ’ ಎಂದರೆ ಸಾಕು, ತಪ್ಪಾಗುವುದಿಲ್ಲ.

ಶಕಟರೇಫ
‘ಪ್ರಾಯಶಃ’ ಎಂಬುದು ಈಗಿರುವ ಜಾಗದಲ್ಲಿ ‘ದ್ರಾವಿಡ’ಕ್ಕೆ ಮಾತ್ರ ಅನ್ವಯಿಸುತ್ತದೆ, ಅದು ಸರಿ. ಮುದ್ರಣಕ್ಕೆ ಹೋಗುವಾಗ ಯಾರಾದರೂ ವಾಕ್ಯ ಚಿಕ್ಕದು ಮಾಡಲು ಅದನ್ನು ಮುಂದಕ್ಕೆ ಸರಿಸಿ ‘ಪ್ರಾಯಶಃ ಸಂಸ್ಕೃತ, ದ್ರಾವಿಡ’ ಎಂದು ಮಾಡದಂತೆ ನೋಡಿಕೊಳ್ಳಿ. ‘ನಱು’ವಿನ ಮಾತು ಸೇರಿಸದೆ ಬಿಟ್ಟದ್ದು ಒಳ್ಳೆಯದಾಯಿತು.

ಬಣ್ಣಬರಹ
ಎರಡನೆಯ ಅರ್ಥಕ್ಕೆ ‘1502ರಿಂದ’ ಬದಲು ‘1502ರ ಬರಹದಲ್ಲಿ ಮೊದಲು ಕಾಣುತ್ತದೆ’ ಎನ್ನಿ. ನಿಘಂಟುಪ್ರಿಯ ಅವರು ಹೇಳಿದ ಕಾರಣವೇ.